ಒಳಬರುವವರು, ಹೊರಹೋಗುವವರು: ಮನೆಯ ಕಂಪ್ಯೂಟರಿಗೆ ಕಾವಲು ಬಂದ ಕಥೆ

ನಿಮ್ಮ ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಅದರ ಫೈರ್‌ವಾಲ್‌ನ ‘ಅಡ್ವಾನ್ಸ್ಡ್ ಸೆಕ್ಯುರಿಟಿ’ ಎಂಬ ಪುಟವನ್ನು ಒಮ್ಮೆ ತೆರೆದು ನೋಡಿ. ಎಡಗಡೆ ಎರಡು ಪಟ್ಟಿಗಳ ಹೆಸರು ಕಾಣುತ್ತದೆ. ಒಂದು ಇನ್‌ಬೌಂಡ್ ರೂಲ್ಸ್, ಅಂದರೆ ಒಳಬರುವುದಕ್ಕೆ ಸಂಬಂಧಿಸಿದ ನಿಯಮಗಳು. ಇನ್ನೊಂದು ಔಟ್‌ಬೌಂಡ್ ರೂಲ್ಸ್, ಹೊರಹೋಗುವುದಕ್ಕೆ ಸಂಬಂಧಿಸಿದ ನಿಯಮಗಳು. ಎರಡರಲ್ಲೂ ಸಾಲುಸಾಲಾಗಿ ನಿಯಮಗಳಿರುತ್ತವೆ. ನೀವಾಗಲಿ ನಿಮ್ಮ ಮನೆಯವರಾಗಲಿ ಅವುಗಳಲ್ಲಿ ಒಂದನ್ನೂ ಕೂತು ಬರೆದಿರಲಾರಿರಿ. ಹಾಗಾದರೆ ಬರೆದವರು ಯಾರು? ಒಳಬರುವ ಕಡೆ ಬಾಗಿಲು ಮುಚ್ಚಿದವರು ಹೊರಹೋಗುವ ಕಡೆ ಏಕೆ ತೆರೆದೇ ಇಟ್ಟರು? ಇದನ್ನು ತಿಳಿಯಬೇಕಾದರೆ ಮೂರೂವರೆ ದಶಕದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಹೆಸರಿನ ವಿಚಾರ. ಫೈರ್‌ವಾಲ್ ಎಂಬುದು ಮೂಲತಃ ಕಟ್ಟಡ ಕಟ್ಟುವವರ ಮಾತು. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಂತೆ ನಡುವೆ ಎಬ್ಬಿಸುವ ಗಟ್ಟಿ ಗೋಡೆಗೆ ಆ ಹೆಸರು. ಕನ್ನಡದಲ್ಲಿ ಕೆಲವರು ‘ಅಗ್ನಿಗೋಡೆ’ ಎಂದು ಬರೆಯುತ್ತಾರೆ. ನನಗೆ ಆ ಮಾತು ಅಷ್ಟಾಗಿ ಹಿಡಿಸದು. ಗೋಡೆ ಯಾರನ್ನೂ ವಿಚಾರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಕುಳಿತಿರುವುದು ವಿಚಾರಿಸಿ ಬಿಡುವ, ವಿಚಾರಿಸಿ ತಡೆಯುವ ಕಾವಲುಗಾರ. ಉರ್ದುವಿನ ‘ದರ್ಬಾನ್’ ಎಂಬ ಪದ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ‘ದರ್’ ಎಂದರೆ ಬಾಗಿಲು, ದರ್ಬಾನ್ ಎಂದರೆ ಬಾಗಿಲು ಕಾಯುವವನು. ಅವನು ಕಾಯುವ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಹಡಗು ನಿಲ್ಲುವ ಬಂದರನ್ನು ಇಲ್ಲಿ ನೆನೆಯಬೇಡಿ. ಕಂಪ್ಯೂಟರಿನ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ತೂತುಗಳನ್ನೂ ನೆನೆಯಬೇಡಿ. ಇವು ಬರೀ ಸಂಖ್ಯೆಗಳು, 0ಯಿಂದ 65,535ರವರೆಗೆ. ಜಾಲತಾಣಗಳು 80 ಮತ್ತು 443ನೇ ಬಾಗಿಲಿನಲ್ಲಿ, ಅಂಚೆ ಸಾಗಿಸುವ ಯಂತ್ರಗಳು 25ರಲ್ಲಿ, ವಿಂಡೋಸ್‌ನ ಕಡತ ಹಂಚಿಕೆ 445ರಲ್ಲಿ ಕಾಯುತ್ತಿರುತ್ತವೆ.

ಇನ್ನು ದಿಕ್ಕಿನ ವಿಚಾರ. ಬಹಳ ಜನ ಎಡವುವುದು ಇಲ್ಲಿಯೇ. ‘ಒಳಬರುವುದನ್ನು ತಡೆದರೆ ಜಾಲತಾಣದ ಪುಟ ನನ್ನ ಪರದೆಗೆ ಹೇಗೆ ಬರುತ್ತದೆ?’ ಎಂದು ಕೇಳುವ ವಿದ್ಯಾರ್ಥಿಯ ಪ್ರಶ್ನೆ ದಡ್ಡತನದ್ದಲ್ಲ. ಇದಕ್ಕೆ ದೂರವಾಣಿಯ ಉದಾಹರಣೆ ಸಾಕು. ಹಿಂದೆ ಬಿಲ್ಲು ಕಟ್ಟದಿದ್ದರೆ ಮನೆಯ ಫೋನಿಗೆ ಔಟ್‌ಗೋಯಿಂಗ್ ಬಂದ್ ಆಗುತ್ತಿತ್ತು, ಇನ್‌ಕಮಿಂಗ್ ಮಾತ್ರ ಇರುತ್ತಿತ್ತು. ಆಗಲೂ ಬಂದ ಕರೆಯನ್ನು ಎತ್ತಿಕೊಂಡ ಮೇಲೆ ನೀವು ಮಾತಾಡುತ್ತಿದ್ದಿರಿ, ನಿಮ್ಮ ದನಿ ಹೊರಗೆ ಹೋಗುತ್ತಿತ್ತು. ಏಕೆಂದರೆ ಲೆಕ್ಕಕ್ಕೆ ಬರುವುದು ಮೊದಲು ನಂಬರು ಒತ್ತಿದವರು ಯಾರು ಎಂಬುದು. ಫೈರ್‌ವಾಲ್‌ನಲ್ಲೂ ಹಾಗೆಯೇ. ನಿಮ್ಮ ಯಂತ್ರ ತಾನಾಗಿ ಹೊರಗಿನವರನ್ನು ಕರೆದರೆ ಅದು ಔಟ್‌ಬೌಂಡ್; ಉತ್ತರವಾಗಿ ಬರುವ ಪುಟವೂ, ಚಿತ್ರವೂ ಅದೇ ಕರೆಗೆ ಸೇರಿದ್ದು. ನೀವು ಕರೆಯದೆಯೇ ಹೊರಗಿನವರು ನಿಮ್ಮ ಬಾಗಿಲು ತಟ್ಟಿದರೆ ಅದು ಇನ್‌ಬೌಂಡ್.

ಈಗ ಇತಿಹಾಸಕ್ಕೆ ಬರೋಣ. 1988ರಲ್ಲಿ ಇಂಟರ್ನೆಟ್ ಎಂದರೆ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ, ಅಮೆರಿಕದ ಸೇನೆಯ ಕಂಪ್ಯೂಟರುಗಳ ಬಳಗ. ಎಲ್ಲರೂ ಪರಿಚಿತರೇ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತಿತ್ತು. ಆ ವರ್ಷದ ನವೆಂಬರ್ 2ರ ಸಂಜೆ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪನ್ ಮಾರಿಸ್ ಒಂದು ಸಣ್ಣ ಪ್ರೋಗ್ರಾಮನ್ನು ಬಿಟ್ಟ. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತನ್ನಷ್ಟಕ್ಕೆ ಹರಿದಾಡುವ ಹುಳು, ಅಂದರೆ ‘ವರ್ಮ್’. ಆಗ ಜಾಲದಲ್ಲಿದ್ದ ಯಂತ್ರಗಳಲ್ಲಿ ಹತ್ತರಲ್ಲಿ ಒಂದು, ಸುಮಾರು 6,000, ಅದಕ್ಕೆ ಸಿಕ್ಕಿ ಸ್ತಬ್ಧವಾದವು ಎಂದು ಅಂದಾಜು ಮಾಡಿದರು. 1990ರಲ್ಲಿ ನ್ಯಾಯಾಲಯ ಮಾರಿಸ್‌ಗೆ ಮೂರು ವರ್ಷದ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ, ಜೊತೆಗೆ ದಂಡ ವಿಧಿಸಿತು. ಪರಿಚಿತರ ಬಳಗ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಅದೇ ಸುಮಾರಿಗೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಬೆಲ್ ಲ್ಯಾಬ್ಸ್ ಮುಂತಾದ ಸಂಸ್ಥೆಗಳ ಎಂಜಿನಿಯರುಗಳು ತಮ್ಮ ಒಳಜಾಲಕ್ಕೂ ಹೊರಜಾಲಕ್ಕೂ ನಡುವೆ ಒಂದೇ ಹೆಬ್ಬಾಗಿಲು ಇಟ್ಟು ಅಲ್ಲಿ ಕಾವಲು ಕೂರಿಸತೊಡಗಿದರು. ಇಂಟರ್ನೆಟ್‌ನಲ್ಲಿ ಮಾಹಿತಿ ಓಡಾಡುವುದು ಪ್ಯಾಕೆಟ್ ಎಂಬ ಚಿಕ್ಕಚಿಕ್ಕ ಕಟ್ಟುಗಳಾಗಿ. ಪ್ರತಿ ಕಟ್ಟಿನ ಮೇಲೂ ಅಂಚೆ ಕಾರ್ಡಿನ ಹಾಗೆ ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ, ಬಾಗಿಲಿನ ಸಂಖ್ಯೆ ಇರುತ್ತದೆ. ಕಾವಲುಗಾರ ಅಷ್ಟನ್ನು ಓದಿ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದ. ಬೆಲ್ ಲ್ಯಾಬ್ಸ್‌ನ ಬಿಲ್ ಚೆಸ್ವಿಕ್ ಮತ್ತು ಸ್ಟೀವನ್ ಬೆಲೊವಿನ್ ಈ ವಿದ್ಯೆಯ ಕುರಿತು 1994ರಲ್ಲಿ ಬರೆದ ಪುಸ್ತಕ ಒಂದು ತಲೆಮಾರಿನ ಎಂಜಿನಿಯರುಗಳಿಗೆ ಪಾಠವಾಯಿತು.

ಆದರೆ ಆ ಮೊದಲ ಕಾವಲುಗಾರನಿಗೆ ನೆನಪಿನ ಶಕ್ತಿ ಇರಲಿಲ್ಲ. ಒಂದು ಕಟ್ಟು ಒಳಗೆ ಬಂದರೆ, ಇದು ನಮ್ಮವರು ಕೇಳಿದ್ದಕ್ಕೆ ಬಂದ ಉತ್ತರವೋ ಕೇಳದೆ ಬಂದದ್ದೋ ಎಂದು ಅವನಿಗೆ ಖಚಿತವಾಗಿ ಗೊತ್ತಾಗುತ್ತಿರಲಿಲ್ಲ. ‘80ನೇ ಬಾಗಿಲಿನಿಂದ ಹೊರಟದ್ದಾದರೆ ಜಾಲತಾಣದ ಉತ್ತರವೇ ಇರಬೇಕು, ಬಿಡು’ ಎಂಬಂತಹ ಅಂದಾಜಿನ ನಿಯಮ ಬರೆಯಬೇಕಾಗಿತ್ತು. ಕಪಟಿಗಳು ತಮ್ಮ ಕಟ್ಟಿನ ಮೇಲೂ 80 ಎಂದು ಬರೆದು ನುಸುಳಬಹುದಿತ್ತು. 1993ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಚೆಕ್ ಪಾಯಿಂಟ್ ಎಂಬ ಕಂಪನಿ ಮರುವರ್ಷ ಮಾರುಕಟ್ಟೆಗೆ ತಂದ ಫೈರ್‌ವಾಲ್-1, ಹೊರಟ ಪ್ರತಿ ಕರೆಯನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಬಂದ ಉತ್ತರವನ್ನು ಅದರೊಂದಿಗೆ ಹೋಲಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ಲಿನಕ್ಸ್‌ನಲ್ಲಿ 2001ರ ಜನವರಿಯಲ್ಲಿ ಬಂದ ಐಪಿಟೇಬಲ್ಸ್ ಕೂಡ ಇದನ್ನೇ ಮಾಡಿತು. ಮೇಲೆ ಹೇಳಿದ ದೂರವಾಣಿಯ ಉದಾಹರಣೆ ನಿಜವಾದದ್ದು ಈ ನೆನಪಿನ ಪಟ್ಟಿಯಿಂದ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡ ಸಂಸ್ಥೆಗಳ ಕಥೆ. ಅಲ್ಲಿ ಹೆಬ್ಬಾಗಿಲು ನೋಡಿಕೊಳ್ಳಲೆಂದೇ ಸಂಬಳ ಕೊಟ್ಟು ಇಟ್ಟ ಜನರಿದ್ದರು. ಮನೆಯ ಕಂಪ್ಯೂಟರಿಗೆ ಅಂಥವರು ಯಾರು? ಮೈಕ್ರೋಸಾಫ್ಟ್ 2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಿಡುಗಡೆ ಮಾಡಿದಾಗ ಅದರೊಳಗೆ ಒಂದು ಫೈರ್‌ವಾಲ್ ಇಟ್ಟೇ ಕೊಟ್ಟಿತು. ಒಳಬರುವುದನ್ನು ಮಾತ್ರ ತಡೆಯುತ್ತಿದ್ದ ಸರಳ ಫೈರ್‌ವಾಲ್ ಅದು, ಆದರೂ ನೆನಪಿನ ಪಟ್ಟಿಯುಳ್ಳದ್ದು. ಒಂದೇ ತೊಂದರೆ, ಅದು ತಾನಾಗಿ ಚಾಲೂ ಇರುತ್ತಿರಲಿಲ್ಲ. ನೆಟ್‌ವರ್ಕ್ ಸಂಪರ್ಕದ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ಎಂಬ ಹಾಳೆಗೆ ಹೋಗಿ ಅಲ್ಲಿದ್ದ ಚೌಕದಲ್ಲಿ ಗುರುತು ಹಾಕಬೇಕಿತ್ತು. ಕಾಗದಪತ್ರ ಬರೆಯಲು, ಮಕ್ಕಳ ಆಟಕ್ಕೆ, ದೂರದ ನೆಂಟರಿಗೆ ಮಿಂಚಂಚೆ ಕಳಿಸಲು ಕಂಪ್ಯೂಟರ್ ಕೊಂಡವರು ಆ ಹಾಳೆಯ ತನಕ ಏಕೆ ಹೋಗುತ್ತಾರೆ? ದರ್ಬಾನನನ್ನು ನೇಮಿಸಿ, ಅವನನ್ನು ಹಿತ್ತಲಿನ ಕೋಣೆಯಲ್ಲಿ ಮಲಗಿಸಿ, ಎಬ್ಬಿಸುವುದು ಮನೆಯವರ ಕೆಲಸ ಎಂದು ಬಿಟ್ಟ ಹಾಗಾಯಿತು.

ಇದರ ಬೆಲೆ 2003ರಲ್ಲಿ ತೆರಬೇಕಾಯಿತು. ಎಕ್ಸ್‌ಪಿ ಮತ್ತು ವಿಂಡೋಸ್ 2000ರಲ್ಲಿ ಆರ್‌ಪಿಸಿ ಎಂಬ ಒಂದು ಒಳಗಿನ ಸೇವೆ 135ನೇ ಬಾಗಿಲಿನಲ್ಲಿ ಸದಾ ಕಿವಿಗೊಟ್ಟು ಕುಳಿತಿರುತ್ತಿತ್ತು. ಕಚೇರಿಗಳ ಜಾಲಕ್ಕೆ ಅದು ಬೇಕು. ಮನೆಯ ಯಂತ್ರದಲ್ಲಿ ಹೊರಗಿನ ಇಂಟರ್ನೆಟ್‌ನಿಂದ ಯಾರೂ ಆ ಬಾಗಿಲು ತಟ್ಟುವ ಅಗತ್ಯವೇ ಇರಲಿಲ್ಲ, ಆದರೂ ಅದು ತೆರೆದೇ ಇತ್ತು. ಆ ಸೇವೆಯಲ್ಲಿ ದೋಷವಿದೆ ಎಂದು ತಿಳಿದು ಮೈಕ್ರೋಸಾಫ್ಟ್ ಜುಲೈ 16ರಂದು ಅದಕ್ಕೆ ತೇಪೆ ಪ್ರಕಟಿಸಿತು. ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ವರ್ಮ್ ಹೊರಬಿತ್ತು. ನಡುವೆ ಇದ್ದದ್ದು 26 ದಿನ. ತೇಪೆ ಹಾಕಿಕೊಳ್ಳದ, ಬಾಗಿಲು ತೆರೆದಿದ್ದ ಲಕ್ಷಾಂತರ ಯಂತ್ರಗಳು ಅದಕ್ಕೆ ಸಿಕ್ಕವು. ಯಾರೂ ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ, ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಇಂಟರ್ನೆಟ್‌ಗೆ ಸೇರಿಕೊಂಡರೆ ಸಾಕಿತ್ತು.

ಪರದೆಯ ಮೇಲೆ ಒಂದು ಚೌಕ ಮೂಡಿ 60 ಸೆಕೆಂಡುಗಳಲ್ಲಿ ಯಂತ್ರ ಮುಚ್ಚುತ್ತದೆ ಎಂದು ಎಣಿಕೆ ಶುರುವಾಗುತ್ತಿತ್ತು. ಪರಿಹಾರವಾದ ತೇಪೆ ಇದ್ದದ್ದು ಇಂಟರ್ನೆಟ್‌ನಲ್ಲಿ. ಅದನ್ನು ಇಳಿಸಿಕೊಳ್ಳಲು ಸಂಪರ್ಕ ಪಡೆದರೆ ಇಳಿದು ಮುಗಿಯುವ ಮೊದಲೇ ಯಂತ್ರ ಮತ್ತೆ ಮುಚ್ಚುತ್ತಿತ್ತು. ಆಗ ಮೈಕ್ರೋಸಾಫ್ಟ್ ಜನರಿಗೆ ಹೇಳಿದ ಮೊದಲ ಹೆಜ್ಜೆ ಏನು ಗೊತ್ತೇ? ಆ ಅಡ್ವಾನ್ಸ್ಡ್ ಹಾಳೆಗೆ ಹೋಗಿ ಫೈರ್‌ವಾಲ್ ಚಾಲೂ ಮಾಡಿ, ಆಮೇಲೆ ತೇಪೆ ಇಳಿಸಿಕೊಳ್ಳಿ ಎಂಬುದು. ಎರಡು ವರ್ಷದಿಂದ ಪ್ರತಿಯೊಬ್ಬರ ಯಂತ್ರದಲ್ಲೂ ಮಲಗಿದ್ದ ಕಾವಲುಗಾರನನ್ನು ಮನೆಗೆ ಕಳ್ಳ ನುಗ್ಗಿದ ಮೇಲೆ ಎಬ್ಬಿಸಲಾಯಿತು.

2004ರ ಏಪ್ರಿಲ್ ಕೊನೆಗೆ ಸ್ಯಾಸರ್ ಎಂಬ ಇನ್ನೊಂದು ವರ್ಮ್ 445ನೇ ಬಾಗಿಲಿನಿಂದ ಬಂದು ಅದೇ ಪಾಠವನ್ನು ಮತ್ತೊಮ್ಮೆ ಓದಿಸಿತು. ಅದನ್ನು ಬರೆದವನು ಜರ್ಮನಿಯ ಹದಿಹರೆಯದ ವಿದ್ಯಾರ್ಥಿ. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ಸರ್ವೀಸ್ ಪ್ಯಾಕ್ 2ರಲ್ಲಿ ಕೊನೆಗೂ ಫೈರ್‌ವಾಲ್ ತಾನಾಗಿಯೇ ಚಾಲೂ ಇತ್ತು. ಜೊತೆಗೆ ಇನ್ನೊಂದು ಸಣ್ಣ ಸಂಗತಿ: ಮೊದಲು ಯಂತ್ರ ಏಳುವಾಗ ಜಾಲದ ಸಂಪರ್ಕ ಸಿದ್ಧವಾಗಿ, ಫೈರ್‌ವಾಲ್ ಏಳಲು ತುಸು ಹೊತ್ತು ತಡವಾಗುತ್ತಿತ್ತು. ಆ ಸಂದನ್ನೂ ಈ ಸಲ ಮುಚ್ಚಿದರು. ನನ್ನ ದೃಷ್ಟಿಯಲ್ಲಿ ಮನೆಯ ಕಂಪ್ಯೂಟರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಕಡಿಮೆ. ಹೊಸ ವಿದ್ಯೆಯನ್ನೇನೂ ಕಂಡುಹಿಡಿಯಲಿಲ್ಲ. ‘ಮನೆಯವರು ಏನೂ ಮಾಡದೆ ಸುಮ್ಮನಿದ್ದರೆ ಏನಾಗಬೇಕು?’ ಎಂಬ ಪ್ರಶ್ನೆಗೆ ಇದ್ದ ಉತ್ತರವನ್ನು ಬದಲಿಸಿದರು, ಅಷ್ಟೆ.

ನಮ್ಮ ದೇಶಕ್ಕೆ ಇದು ಒಳ್ಳೆಯ ಗಳಿಗೆಯಲ್ಲಿ ಬಂತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟ ದಿನದಿಂದ ಮನೆಗಳಲ್ಲಿ ಇದ್ದದ್ದು ಬಹುತೇಕ ಡಯಲ್-ಅಪ್. ಕೆಲಸವಿದ್ದಾಗ ಸೇರಿ, ಮುಗಿದೊಡನೆ ಕಡಿಯುವ ಸಂಪರ್ಕ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭವಾಗಿ ಕರ್ನಾಟಕದ ಊರುಗಳಿಗೂ ಬಂದಾಗ ಗಂಟೆಗಟ್ಟಲೆ ಸಂಪರ್ಕದಲ್ಲಿರುವುದು ಮಾಮೂಲಾಯಿತು. ಆಗ ಮೋಡೆಮ್ ಎರಡು ರೀತಿಯಲ್ಲಿ ಕೆಲಸ ಮಾಡಬಹುದಿತ್ತು. ಬ್ರಿಜ್ ಎಂಬ ರೀತಿಯಲ್ಲಿದ್ದರೆ ಕಂಪ್ಯೂಟರೇ ನೇರವಾಗಿ ಇಂಟರ್ನೆಟ್‌ಗೆ ಎದುರಾಗಿ ನಿಲ್ಲುತ್ತಿತ್ತು. ರೂಟರ್ ರೀತಿಯಲ್ಲಿದ್ದರೆ ಮೋಡೆಮ್ ಮುಂದೆ ನಿಂತು, ಮನೆಯ ಎಲ್ಲ ಯಂತ್ರಗಳ ಪರವಾಗಿ ಒಂದೇ ವಿಳಾಸದಿಂದ ವ್ಯವಹರಿಸುತ್ತಿತ್ತು. ವಿಳಾಸಗಳ ಕೊರತೆ ನೀಗಿಸಲು 1994ರಲ್ಲಿ ಪ್ರಕಟವಾದ ನ್ಯಾಟ್ ಎಂಬ ಈ ವಿಧಾನ ಆಕಸ್ಮಿಕವಾಗಿ ಕಾವಲೂ ಆಯಿತು: ಯಾರೂ ಕೇಳದ ಕಟ್ಟು ಬಂದರೆ ಒಳಗೆ ಯಾರಿಗೆ ಕೊಡಬೇಕೆಂದು ರೂಟರಿಗೆ ತಿಳಿಯದು, ಬಿಸಾಡುತ್ತದೆ. ಆದರೆ ಇಂಟರ್ನೆಟ್ ವಿಳಾಸದ ಹೊಸದಾದ ಆರನೆಯ ಆವೃತ್ತಿಯಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುವುದರಿಂದ ಈ ಆಕಸ್ಮಿಕ ರಕ್ಷಣೆಯನ್ನು ನೆಚ್ಚಿ ಕೂರುವಂತಿಲ್ಲ.

ಹೊರಹೋಗುವ ನಿಯಮಗಳ ಕಥೆಯೇ ಬೇರೆ. ಅದರ ಆರಂಭವೂ ಬೇರೆ ಕಡೆ. 2000ದ ಹೊತ್ತಿಗೆ ಉಚಿತವಾಗಿ ಸಿಗುತ್ತಿದ್ದ ಕೆಲವು ತಂತ್ರಾಂಶಗಳು ಜಾಹೀರಾತಿನ ನೆಪದಲ್ಲಿ ಒಡೆಯನಿಗೆ ಹೇಳದೆ ತಮ್ಮ ಕಂಪನಿಗೆ ಸುದ್ದಿ ಕಳಿಸುತ್ತಿದ್ದವು. ಝೋನ್ ಲ್ಯಾಬ್ಸ್‌ನ ಝೋನ್‌ಅಲಾರ್ಮ್ ಎಂಬ ಫೈರ್‌ವಾಲ್ ಮನೆ ಬಳಕೆಗೆ ಉಚಿತವಾಗಿತ್ತು. ಯಾವುದೇ ಪ್ರೋಗ್ರಾಮ್ ಮೊದಲ ಸಲ ಹೊರಗೆ ಕರೆ ಮಾಡಿದಾಗ ಅದು ‘ಇದನ್ನು ಬಿಡಲೇ?’ ಎಂದು ಒಡೆಯನನ್ನೇ ಕೇಳುತ್ತಿತ್ತು. ಅಮೆರಿಕದ ಸ್ಟೀವ್ ಗಿಬ್ಸನ್ ಎಂಬ ತಂತ್ರಜ್ಞ ಲೀಕ್‌ಟೆಸ್ಟ್ ಎಂಬ ಚಿಕ್ಕ ಪ್ರೋಗ್ರಾಮ್ ಬರೆದು ಒಂದು ಸ್ವಾರಸ್ಯ ತೋರಿಸಿದ: ಆಗಿನ ಕೆಲವು ಫೈರ್‌ವಾಲ್‌ಗಳು ಕಡತದ ಹೆಸರು ಮಾತ್ರ ನೋಡುತ್ತಿದ್ದವು, ಅನುಮತಿಯುಳ್ಳ ಪ್ರೋಗ್ರಾಮಿನ ಹೆಸರು ಇಟ್ಟುಕೊಂಡರೆ ಯಾವುದೂ ಹೊರಗೆ ಹೋಗಬಹುದಿತ್ತು!

ಈ ವಿಚಾರಣೆಯಿಂದ ಪ್ರಯೋಜನವಿಲ್ಲ ಎನ್ನಲಾಗದು. ಬ್ಲಾಸ್ಟರನ್ನೇ ತೆಗೆದುಕೊಳ್ಳಿ. ಅದು 135ನೇ ಬಾಗಿಲಿನಿಂದ ನುಗ್ಗಿದರೂ ಪೂರ್ಣ ರೂಪದಲ್ಲಿ ಬರುತ್ತಿರಲಿಲ್ಲ. ಸಿಕ್ಕಿಬಿದ್ದ ಯಂತ್ರದ ಕೈಯಲ್ಲೇ, ವಿಂಡೋಸ್‌ನಲ್ಲಿದ್ದ ಟಿಎಫ್‌ಟಿಪಿ ಎಂಬ ಸಲಕರಣೆಯಿಂದ, ಹೊರಗೆ ಕರೆ ಮಾಡಿಸಿ ಉಳಿದ ಕಡತವನ್ನು ತರಿಸಿಕೊಳ್ಳುತ್ತಿತ್ತು. ಆ ಹೊರಕರೆಯನ್ನು ತಡೆದಿದ್ದರೆ ರೋಗ ಅರ್ಧದಲ್ಲೇ ನಿಲ್ಲುತ್ತಿತ್ತು. ಆದರೆ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು? ಟಿಎಫ್‌ಟಿಪಿ ಎಂದರೇನೆಂದೇ ತಿಳಿಯದ ತಂದೆತಾಯಿ, ಆಟ ಬೇಗ ಶುರುವಾಗಲಿ ಎನ್ನುವ ಮಕ್ಕಳು. ದಿನಕ್ಕೆ ಹತ್ತು ಸಲ ಕೇಳಿದರೆ ಹತ್ತೂ ಸಲ ‘ಹೂಂ’ ಎನ್ನುವುದು ಮನುಷ್ಯ ಸ್ವಭಾವ. ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಹೊರಹೋಗುವಾಗ ವಿಚಾರಿಸುವುದೆಂದರೆ ಕಳ್ಳ ಆಗಲೇ ಮನೆಯೊಳಗಿದ್ದಾನೆ ಎಂದರ್ಥ. ಅವನ ಕೈಯಲ್ಲಿ ಒಡೆಯನಷ್ಟೇ ಅಧಿಕಾರವಿದ್ದರೆ ದರ್ಬಾನನನ್ನೇ ಕಟ್ಟಿಹಾಕುತ್ತಾನೆ, ಇಲ್ಲವೇ ಬ್ರೌಸರಿನಂತಹ ಮನೆಯವರ ವೇಷದಲ್ಲಿ ಹೊರಗೆ ಹೋಗುತ್ತಾನೆ. ದರ್ಬಾನನೇ ಸಂದಾದ ಪ್ರಸಂಗವೂ ಉಂಟು. 2004ರ ಮಾರ್ಚ್‌ನಲ್ಲಿ ವಿಟ್ಟಿ ಎಂಬ ವರ್ಮ್ ಬ್ಲ್ಯಾಕ್‌ಐಸ್ ಮುಂತಾದ ಫೈರ್‌ವಾಲ್‌ಗಳಲ್ಲಿದ್ದ ದೋಷದಿಂದಲೇ ನುಗ್ಗಿ ಸುಮಾರು 12,000 ಯಂತ್ರಗಳ ಡಿಸ್ಕ್‌ಗಳನ್ನು ಕೆಡಿಸುತ್ತ ಹೋಯಿತು. ಕಾವಲು ಇಟ್ಟುಕೊಂಡವರೇ ಅದಕ್ಕೆ ಸಿಕ್ಕವರು.

2007ರ ಜನವರಿಯಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ತಾದಲ್ಲಿ ಮೊದಲ ಸಲ ಎರಡೂ ಪಟ್ಟಿಗಳು ಕಾಣಿಸಿಕೊಂಡವು. ಮೈಕ್ರೋಸಾಫ್ಟ್ ಅಂದು ಮಾಡಿದ ಏರ್ಪಾಡು ವಿಂಡೋಸ್ 11ರಲ್ಲೂ ಹಾಗೆಯೇ ಇದೆ: ಒಳಬರುವುದು, ಅನುಮತಿಯ ನಿಯಮವಿಲ್ಲದಿದ್ದರೆ, ಇಲ್ಲ, ಹೊರಹೋಗುವುದು, ತಡೆಯುವ ನಿಯಮವಿಲ್ಲದಿದ್ದರೆ, ಹೌದು. ಇದರಿಂದ ಒಂದು ವಿಚಿತ್ರ ಕಾಣುತ್ತದೆ. ಹೊರಹೋಗುವ ಪಟ್ಟಿಯಲ್ಲಿ ಹಸಿರು ಗುರುತಿನ ಅನುಮತಿಗಳು ತುಂಬಿವೆ, ಆದರೆ ಬಾಗಿಲು ಹೇಗೂ ತೆರೆದೇ ಇರುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಯಾರಾದರೂ ಮೂಲ ಏರ್ಪಾಡನ್ನೇ ‘ತಡೆ’ ಎಂದು ಬದಲಿಸಿದ ದಿನ ಅವು ಎಚ್ಚರಗೊಳ್ಳುತ್ತವೆ. ಆ ಪಟ್ಟಿಯಲ್ಲಿ ಇಂದು ಕೆಲಸ ಮಾಡುವುದು ಕೆಂಪು ಗುರುತಿನ ತಡೆಗಳು. ಒಂದೇ ಕರೆಗೆ ಅನುಮತಿಯೂ ತಡೆಯೂ ಇದ್ದರೆ ಗೆಲ್ಲುವುದು ತಡೆ. ಆದ್ದರಿಂದ ಯಾವುದೋ ಪ್ರೋಗ್ರಾಮ್ ಹೊರಗೆ ಮಾತಾಡಬಾರದೆಂದಿದ್ದರೆ ಅದರ ಹೆಸರಿನಲ್ಲಿ ಔಟ್‌ಬೌಂಡ್ ತಡೆ ಬರೆಯಬೇಕು. ಇನ್‌ಬೌಂಡ್‌ನಲ್ಲಿ ಎಷ್ಟು ತಡೆ ಬರೆದರೂ ಅದು ತಾನೇ ಮಾಡುವ ಕರೆ ನಿಲ್ಲದು.

ಹೊರಹೋಗುವುದನ್ನು ತಡೆದರೆ ಒಳಿತೇ ಆಗುತ್ತದೆ ಎನ್ನುವವರು 2017ರ ವನ್ನಾಕ್ರೈ ಪ್ರಸಂಗವನ್ನು ಓದಬೇಕು. ಮೇ 12ರಂದು ಕಾಣಿಸಿಕೊಂಡ ಈ ವರ್ಮ್ 445ನೇ ಬಾಗಿಲಿನಿಂದ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ತೇಪೆ ಮಾರ್ಚ್ 14ರಂದೇ ಬಂದಿತ್ತು. ಸಂಸ್ಥೆಗಳ ಒಳಜಾಲದಲ್ಲಿ ಕಡತ ಹಂಚಿಕೆಗೆಂದು ಆ ಬಾಗಿಲಿಗೆ ಅನುಮತಿ ಕೊಟ್ಟಿರುವುದು ವಾಡಿಕೆ. ಹಾಗಾಗಿ ಫೈರ್‌ವಾಲ್ ಎಚ್ಚರವಿದ್ದರೂ ಅದು ತಡೆಯಲಿಲ್ಲ. ಈ ವರ್ಮ್ ಕೆಲಸ ಶುರುಮಾಡುವ ಮೊದಲು ಒಂದು ಉದ್ದನೆಯ ವಿಚಿತ್ರ ಜಾಲವಿಳಾಸಕ್ಕೆ ಕರೆ ಮಾಡುತ್ತಿತ್ತು. ಉತ್ತರ ಬಂದರೆ ಸುಮ್ಮನಾಗುತ್ತಿತ್ತು, ಬಾರದಿದ್ದರೆ ಮುಂದುವರಿಯುತ್ತಿತ್ತು. ಬ್ರಿಟನ್ನಿನ ತರುಣ ಮಾರ್ಕಸ್ ಹಚಿನ್ಸ್ ಆ ವಿಳಾಸವನ್ನು ನೋಂದಾಯಿಸಿದೊಡನೆ ಉತ್ತರ ಸಿಗಲಾರಂಭಿಸಿ ಹರಡುವಿಕೆ ಕುಗ್ಗಿತು. ಆದರೆ ‘ಇದು ವೈರಸ್ ಕರೆ ಮಾಡುವ ವಿಳಾಸ’ ಎಂದು ಅದಕ್ಕೆ ಹೊರದಾರಿ ಮುಚ್ಚಿದ ಜಾಲಗಳಲ್ಲಿ ಉತ್ತರ ಸಿಗದೆ ವರ್ಮ್ ಮುಂದುವರಿಯುವಂತಾಯಿತು! ಆ ವಿಳಾಸವನ್ನು ತಡೆಯಬೇಡಿ ಎಂದು ತಜ್ಞರು ಪ್ರಕಟಣೆ ಕೊಡಬೇಕಾಯಿತು.

ಈಗ ನಿಮ್ಮ ಮನೆಗೆ ಮರಳೋಣ. ಹೊಸ ವೈ-ಫೈಗೆ ಸೇರಿದಾಗ ಅದು ಪ್ರೈವೇಟೋ ಪಬ್ಲಿಕ್ಕೋ ಎಂದು ವಿಂಡೋಸ್ ವಿಂಗಡಿಸುವುದು ಈ 445ರಂತಹ ಬಾಗಿಲುಗಳಿಗಾಗಿಯೇ. ರೈಲು ನಿಲ್ದಾಣ, ಹಾಸ್ಟೆಲ್, ಕಾಲೇಜು ಎಲ್ಲಿಯೇ ಇರಲಿ, ಪಬ್ಲಿಕ್ ಎಂದೇ ಇರಲಿ. ಇನ್ನು ಕೆಲವೊಮ್ಮೆ ಹೊಸ ಪ್ರೋಗ್ರಾಮ್ ಹಾಕಿದೊಡನೆ ಫೈರ್‌ವಾಲ್‌ನ ಚೌಕವೊಂದು ಮೂಡಿ ‘ಅಲೋ’ ಮತ್ತು ‘ಕ್ಯಾನ್ಸಲ್’ ಎಂದು ಕೇಳುತ್ತದೆ. ಬಹುಪಾಲು ಜನ ಅದನ್ನು ‘ಈ ಪ್ರೋಗ್ರಾಮಿಗೆ ಇಂಟರ್ನೆಟ್ ಕೊಡಲೇ?’ ಎಂದು ಓದಿಕೊಂಡು ಅಲೋ ಒತ್ತುತ್ತಾರೆ. ಅದು ಕೇಳುತ್ತಿರುವುದು ಬೇರೆ: ಹೊರಗಿನವರು ತಾವಾಗಿ ಈ ಪ್ರೋಗ್ರಾಮಿನ ಬಾಗಿಲು ತಟ್ಟಲು ಬಿಡಲೇ, ಎಂದು. ನಿಮ್ಮ ಯಂತ್ರದಲ್ಲಿ ಆಟ ನಡೆಸಿ ಗೆಳೆಯರನ್ನು ಅದಕ್ಕೆ ಸೇರಿಸಿಕೊಳ್ಳುವಂತಹ ಕೆಲಸಕ್ಕೆ ಅದು ಬೇಕು. ಉಳಿದಂತೆ ಕ್ಯಾನ್ಸಲ್ ಒತ್ತಿದರೂ ಪ್ರೋಗ್ರಾಮಿನ ಹೊರಕರೆಗಳು ಸಾಮಾನ್ಯವಾಗಿ ನಡೆದೇ ನಡೆಯುತ್ತವೆ. ಒತ್ತಿದ ಮೇಲೆ ಇನ್‌ಬೌಂಡ್ ಪಟ್ಟಿಯನ್ನು ತೆರೆದು ನೋಡಿ, ಆ ಪ್ರೋಗ್ರಾಮಿನ ಹೆಸರಿನಲ್ಲಿ ಕೆಂಪು ಗುರುತಿನ ಸಾಲುಗಳು ಸೇರಿರುತ್ತವೆ. ಮುಂದೆಂದಾದರೂ ಅನುಮತಿ ಬೇಕೆನಿಸಿದರೆ ಅಳಿಸಬೇಕಾದದ್ದು ಅವನ್ನೇ.